ಅವ್ವ ಉಜ್ಜಿದ ಹೆಡ್ಡು

ಬಿಚ್ಚಿದ ವಸ್ತುವನ್ನು ಮೊದಲಿದ್ದ ಹಾಗೆಯೇ ಮುಚ್ಚಿಡುವವರನ್ನು ಕಂಡರೆ ನನಗೆ ಬಹಳ ಗೌರವ. ನನ್ನಿಂದ ಅದು ಆಗುವುದಿಲ್ಲ. ಫ್ಯಾನಿಗೆ ಎಣ್ಣೆ ಬಿಡಲು ಏಣಿ ಹತ್ತಿದರೆ, ಹೇಗೂ ಹತ್ತಿದ್ದೇನಲ್ಲ ಎಂದು ರೆಕ್ಕೆಗಳಿಗೆ ಬಣ್ಣವನ್ನೂ ಬಳಿದೇ ಇಳಿಯುತ್ತೇನೆ. ಆಮೇಲೆ ಆ ಫ್ಯಾನು ರಾಯಚೂರಿನ ಬೇಸಿಗೆಯಲ್ಲಿ ಗಾಳಿಯ ಬದಲು ಬಣ್ಣದ ವಾಸನೆ ಬೀಸುತ್ತ ಓಲಾಡುತ್ತದೆ. 'ಹೇಗೂ ಬಿಚ್ಚಿದೆಯಲ್ಲ' ಎಂಬ ಮಾತು ನನ್ನ ಸಂಸಾರಕ್ಕೆ ಕೊಟ್ಟಷ್ಟು ಕಾಟವನ್ನು ಯಾವ ಶನಿಯೂ ಕೊಟ್ಟಿಲ್ಲ. ಇಂಥ ನನ್ನ ಕಣ್ಣೆದುರಿಗೇ ಗ್ಯಾರೇಜಿನ ಚಾಂದಭಾಯಿ ನನ್ನ ಹಳೆಯ ಡೀಸೆಲ್ ಜೀಪಿನ ಎಂಜಿನ್ನಿನ ಮುಚ್ಚಳವಾದ ಸಿಲಿಂಡರ್ ಹೆಡ್ಡನ್ನು ಬಿಚ್ಚಿ ಬೆಂಚಿನ ಮೇಲಿಟ್ಟರೆ ನಾನಾದರೂ ಏನು ಮಾಡಲಿ?

ಅವರು ಬಿಚ್ಚಿದ್ದು ಅದರಡಿಯ ತೆಳು ಹಾಳೆ, ಗ್ಯಾಸ್ಕೆಟ್, ಸುಟ್ಟಿತ್ತೆಂದು. ಹೊಸದು ಹಾಕಿ ಕೂಡಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಮುಗಿಯಲೇಬೇಕಿತ್ತು ಕೂಡ, ಏಕೆಂದರೆ ಆ ಭಾನುವಾರವೇ ಮಲ್ಲಟದ ಗಂಡನ ಮನೆಯಲ್ಲಿ ನನ್ನ ತಂಗಿ ಸರೋಜಾಳ ಕುಬುಸ, ಸೀಮಂತದ ಶಾಸ್ತ್ರ. ಅದು ಮುಗಿದ ಮೇಲೆ ಚೊಚ್ಚಲ ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕು. "ಬಸ್ಸಿನ್ಯಾಗ ಕುಂಡ್ರಾಕ ಆಗಂಗಿಲ್ಲ, ಅಣ್ಣಾ. ನಿನ್ನ ಜೀಪ್ ತಗೊಂಡ ಬಾ" ಎಂದು ಅವಳು ಫೋನಿನಲ್ಲಿ ಹೇಳಿದ್ದಳು, ನಾನು ಮಾತು ಕೊಟ್ಟಿದ್ದೆ. ಆದರೆ ಮೊಬೈಲಿನಲ್ಲಿ ನೋಡಿದ ವೀಡಿಯೊಗಳು ತಲೆಯಲ್ಲಿ ಕೂತಿದ್ದವಲ್ಲ! ಹೆಡ್ಡಿನೊಳಗೆ ಗಾಳಿ ಬರಲು, ಹೊಗೆ ಹೋಗಲು ದಾರಿಗಳಿರುತ್ತವೆ. ಎರಕ ಹೊಯ್ದಾಗ ಉಳಿದ ಗಂಟುಗಳಿಗೆ ಗಾಳಿ ಎಡವುತ್ತದಂತೆ. ಅವನ್ನು ಕೊರೆದು ಉಜ್ಜಿ ನುಣುಪು ಮಾಡಿದರೆ ಟರ್ಬೊ ನೂಕುವ ಗಾಳಿ ಸರಾಗವಾಗಿ ಹರಿದು ಗಾಡಿ ಚಿಗರೆಯಾಗುತ್ತದಂತೆ. ಪೋರ್ಟಿಂಗ್, ಪಾಲಿಶಿಂಗ್ ಎಂದು ಇದರ ಹೆಸರು. ಚಾಂದಭಾಯಿ ನನ್ನ ಭಾಷಣವನ್ನು ಬೀಡಿ ಮುಗಿಯುವವರೆಗೆ ಕೇಳಿದರು. "ದೇವದುರ್ಗಕ್ಕ ಸಾಲಿಗಿ ಹೋಗೋ ಗಾಡಿಗಿ ಇದೆಲ್ಲಾ ಯಾಕ್ರೀ ಮಾಸ್ತರ? ಮಾಡ್ತೀನಂದ್ರ ಮನಿಗಿ ಒಯ್ದು ಮಾಡ್ಕೋರ್ರಿ, ನನಗ ಟೈಮಿಲ್ಲ. ಆದ್ರ ಒಂದ್ ಚೂರು ಕಬ್ಬಿಣದ ಪುಡಿ ಒಳಗ ಉಳೀತಂದ್ರ ಸೀದಾ ಹೋಗಿ ಟರ್ಬೊದ ಪಂಖಾಕ್ಕ ಬಡಿತದ. ಆಮ್ಯಾಲ ನಿಮ್ಮ ತಂಗೀನ್ನ ಎತ್ತಿನ ಬಂಡ್ಯಾಗ ತರ್ರಿ."

ಹೆಡ್ಡು ನಮ್ಮ ಪಡಸಾಲೆಗೆ ಬಂತು. ಹೊತ್ತು ತಂದ ನನ್ನ ಸೊಂಟ ಅಲ್ಲೇ ಅರ್ಧ ಬುದ್ಧಿ ಹೇಳಿತ್ತು. ಅವ್ವ ಕನ್ನಡಕ ಹಾಕಿಕೊಂಡು ಬಂದು ಕೂತಳು. ನಾನು ತರಗತಿಯಲ್ಲಿ ಪಾಠ ಮಾಡುವ ಧಾಟಿಯಲ್ಲಿ ಎಲ್ಲ ವಿವರಿಸಿದೆ. "ಗಾಳಿಗಿ ಹೊಸ್ತಿಲಾ ಅಡ್ಡ ಬರಾಕತ್ತದ, ನೀ ಅದನ್ನ ತಗಿಯಾಕತ್ತೀದಿ. ಇಷ್ಟ ಹೌದಿಲ್ಲೋ?" ಎಂದಳು. ಇಷ್ಟೇ ಹೌದು. ನಾನು ಡ್ರಿಲ್ ಮಷೀನಿಗೆ ಉಜ್ಜುವ ಕಲ್ಲು ಸಿಕ್ಕಿಸಿ ಗಂಟುಗಳನ್ನೆಲ್ಲ ಹಾರಿಸಿದೆ. ಇನ್ನು ನಯ ಮಾಡಬೇಕು ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ನಾಡಿಗೆಲ್ಲ ಕರೆಂಟು ತಯಾರಿಸಿ ಕಳಿಸುವುದು ನಮ್ಮ ಊರ ಪಕ್ಕದಲ್ಲೇ. ಅಡುಗೆ ಬಡಿಸುವವರಿಗೆ ಕೊನೆಯ ಪಂಕ್ತಿಯಲ್ಲಿ ಊಟ ಸಿಗುವ ಹಾಗೆ ನಮ್ಮ ಓಣಿಗೂ ಸಿಗುತ್ತದೆ. ಮರುದಿನ ಶಾಲೆಗೆ ಹೊರಡುವಾಗ ಅವ್ವನಿಗೆ ಸುಮ್ಮನೆ ಹೇಳಿದೆ, ಹೊಗೆ ಹೋಗುವ ಬಾಯಿ ಕನ್ನಡಿಯಂತಾಗಬೇಕು, ಗಾಳಿ ಬರುವ ಬಾಯಿ ಮಾತ್ರ ತುಸು ಒರಟಾಗಿಯೇ ಇರಬೇಕು, ಬಂದು ಮಾಡುತ್ತೇನೆ ಎಂದು.

ಬಂದು ನೋಡಿದರೆ ಮಾಡಲು ಏನೂ ಉಳಿದಿರಲಿಲ್ಲ. ಅವ್ವ ಜೋಳದ ದಂಟಿಗೆ ಉಪ್ಪುಕಾಗದ ಸುತ್ತಿಕೊಂಡು, ಸೀಮೆಎಣ್ಣೆ ಅದ್ದಿ, ಅಷ್ಟೂ ದಾರಿಗಳನ್ನು ಉಜ್ಜಿಬಿಟ್ಟಿದ್ದಳು. ಇಣುಕಿದರೆ ನನ್ನ ಮುಖ ಕಾಣುತ್ತಿತ್ತು, ಒರಟಾಗಿರಬೇಕಾದ ಕಡೆಯೂ. ನಾನು ತಲೆ ಹಿಡಿದು ಕೂತೆ. "ಒಂದ್ ಕಿವಿ ತೊಳದು ಇನ್ನೊಂದ್ ಕಿವಿ ಹಂಗ ಬಿಡ್ತಾರೇನು?" ಎಂದ ಅವ್ವ, ಕೈಯ ಮಸಿ ಒರೆಸಿಕೊಳ್ಳುತ್ತ, "ನನ್ನ ಮಗಳು ಬರೋ ಗಾಡಿ ಅದು. ಅರ್ಧಮರ್ಧ ಬಿಡಾಕ ಮನಸ ಬರ್ಲಿಲ್ಲ ಯಪ್ಪಾ" ಎಂದಳು. ಆಮೇಲೆ ಅವ್ವನೇ ಅಕ್ಕಿ ತೊಳೆದಂತೆ ನೀರು ತಿಳಿಯಾಗುವವರೆಗೆ ತೊಳೆದು, ಬಿಸಿಲಿಗೆ ಒಣಗಿಸಿ, ಹೆಡ್ಡನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಟ್ಟಳು.

ಚಾಂದಭಾಯಿ ಸೀರೆ ಬಿಚ್ಚಿ, ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಬಿಳಿ ಬಟ್ಟೆಯನ್ನು ಒಳಗೆ ತಿರುವಿ ಹೊರಗೆ ತೆಗೆದರು. ಬಟ್ಟೆ ಬಿಳಿಯಾಗಿಯೇ ಇತ್ತು. ನಾನು ಹೆದರುತ್ತಲೇ ಒರಟಿನ ವಿಷಯ ತೆಗೆದೆ. "ಅದು ಪೆಟ್ರೋಲ್ ಗಾಡಿ ಮಾತು ರೀ. ಪೆಟ್ರೋಲಿನ ಹನಿ ಒಳಗಿನ ಗ್ವಾಡಿಗಿ ಅಂಟಬಾರ್ದಂತ ಹಂಗ ಒರಟ ಬಿಡ್ತಾರ. ಇದು ಡೀಸೆಲ್, ಆ ಬಾಯಿಂದ ಬರೇ ಗಾಳಿ ಹೋಗ್ತದ. ಹೊಳದ್ರ ಹೊಳೀಲಿ ಬಿಡ್ರಿ" ಎಂದರು. ವಾಲ್ವು ಕೂಡಿಸಿ, ಸೋರುತ್ತದೇನೋ ನೋಡಲು ಸೀಮೆಎಣ್ಣೆ ಸುರಿದರೆ ಒಂದು ತೊಟ್ಟೂ ಸೋರಲಿಲ್ಲ. ಟೈಮಿಲ್ಲ ಎಂದಿದ್ದ ಅವರು ಎಲ್ಲ ಗಿರಾಕಿಗಳನ್ನು ನಿಲ್ಲಿಸಿ ಶನಿವಾರ ಸಂಜೆಯೊಳಗೆ ಗಾಡಿ ಎಬ್ಬಿಸಿಕೊಟ್ಟರು. ಎಬ್ಬಿಸುತ್ತಲೇ ಪಕ್ಕದ ಟ್ರ್ಯಾಕ್ಟರಿನವನಿಗೆ, "ನಮ್ಮಲ್ಲಿ ಇದೂ ಮಾಡ್ತೀವಿ" ಎಂದು ಹೇಳುತ್ತಿದ್ದರು. ಹೇಳಿಕೊಳ್ಳಲಿ. ಆ ಸಂಜೆ ಅವರು ತಾಜಮಹಲನ್ನು ತಾವೇ ಕಟ್ಟಿದ್ದು ಎಂದಿದ್ದರೂ ನಾನು ಹೌದೆನ್ನುತ್ತಿದ್ದೆ, ಅಷ್ಟು ಋಣ ನನ್ನ ಮೇಲಿತ್ತು.

ಭಾನುವಾರ ಮಲ್ಲಟಕ್ಕೆ ಹೋಗುವಾಗ ಜೀಪು ನನ್ನ ಮಾತೇ ಕೇಳಲಿಲ್ಲ. ಕಾಲು ಇಟ್ಟರೆ ಸಾಕು, ಟರ್ಬೊ ಸಿಳ್ಳೆ ಹಾಕಿ ಮುಂದೆ ನುಗ್ಗುತ್ತಿತ್ತು. ಅವ್ವ ಸೆರಗು ಬಿಗಿ ಹಿಡಿದು ನಗುತ್ತಿದ್ದಳು. ಆದರೆ ಕುಬುಸ ಮುಗಿದು, ಹಸಿರು ಸೀರೆಯ ಸರೋಜಾ ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ಹತ್ತಿ ಕೂತ ಮೇಲೆ, ರಸ್ತೆಯ ಮೊದಲ ಉಬ್ಬಿಗೇ, "ಅಣ್ಣಾ, ಸಾವಕಾಶ" ಎಂದಳು. ಅವಳ ಪಕ್ಕದಿಂದ ಅವ್ವ, "ಇನ್ನೂ ಸಾವಕಾಶ" ಎಂದಳು. ಎರಡನೆಯ ಗೇರು ಬಿಟ್ಟು ನಾನು ಮೇಲೇರಲಿಲ್ಲ. ಉಜ್ಜಬೇಕಾಗಿದ್ದದ್ದು ಹೆಡ್ಡನ್ನಲ್ಲ, ರಸ್ತೆಯನ್ನು ಎಂದು ನನಗಾಗ ಹೊಳೆಯಿತು. ಹತ್ತಿ ಹೇರಿದ ಟ್ರ್ಯಾಕ್ಟರು ನಮ್ಮನ್ನು ದಾಟಿತು. ಕಲ್ಲೂರಿನ ಹತ್ತಿರ ಹಾಲಿನ ಕ್ಯಾನಿನ ಸೈಕಲ್ಲಿನವನೊಬ್ಬ ದಾಟಿ, ಹಿಂತಿರುಗಿ ನೋಡಿ, "ಗಾಡಿ ಕೆಟ್ಟದೇನ್ರೀ?" ಎಂದು ಕನಿಕರದಿಂದ ಕೇಳಿದ. "ಇಲ್ಲಪ್ಪಾ, ಚಲೋ ಮಾಡಿಸೀವಿ" ಎಂದಳು ಅವ್ವ. ಸರೋಜಾ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಸಿಳ್ಳೆ ಒಮ್ಮೆಯೂ ಕೇಳಿಸಲಿಲ್ಲ. ಕೇಳಿಸದಿದ್ದುದಕ್ಕೆ ಆ ದಿನ ನನಗೆ ಆದಷ್ಟು ಸಂತೋಷ ಯಾವ ಸಿಳ್ಳೆಯಿಂದಲೂ ಆಗಿರಲಿಲ್ಲ.

ಈಗ ಜಿಲ್ಲೆಯಲ್ಲೇ ಅತಿ ನುಣುಪಾದ ಹೆಡ್ಡಿನ ಜೀಪು ನಮ್ಮ ಮನೆಯ ಮುಂದೆ ಚಾದರ ಹೊದ್ದು ನಿಂತಿದೆ. ಸರೋಜಾಳಿಗೆ ಯಾವ ಗಳಿಗೆಯಲ್ಲಿ ನೋವು ಬರುತ್ತದೋ, ಗಾಡಿ ಮನೆಯಲ್ಲೇ ಇರಲಿ ಎಂದು ಅವ್ವನ ಅಪ್ಪಣೆಯಾಗಿದೆ. ನಾನು ದಿನವೂ ಬಸ್ಸಿನಲ್ಲಿ, ಗಬ್ಬೂರಿನವರೆಗೆ ನಿಂತುಕೊಂಡೇ ದೇವದುರ್ಗಕ್ಕೆ ಹೋಗುತ್ತಿದ್ದೇನೆ.