ಮಾವನ ಗ್ಯಾಸ್ ಟ್ರಬಲ್ಲು

ನಮ್ಮ ಸೋದರಮಾವನಿಗೆ ವಿಪರೀತ ಗ್ಯಾಸಿನ ತೊಂದರೆ. ಹೊಟ್ಟೆಯದ್ದಲ್ಲ ಸ್ವಾಮಿ, ಊರವರ ಫ್ರಿಜ್ಜು, ಎ.ಸಿ.ಗಳದ್ದು!

ಗಿರಿನಗರದಲ್ಲಿ ಎ.ಸಿ. ರಿಪೇರಿ ಮಾಡುವ ಅವರು ಯಂತ್ರದೊಳಗಿನ ಗ್ಯಾಸು ಒಂದು ಗುಟುಕು ಗಾಳಿಗೆ ಹೋದರೂ ಸಹಿಸುವವರಲ್ಲ. ಬೇರೆಯವರು ಪೈಪು ಬಿಚ್ಚಿ 'ಸುಯ್' ಎನ್ನಿಸಿ ಮುಗಿಸುವ ಕೆಲಸಕ್ಕೆ ಇವರು ಗ್ಯಾಸು ಎಳೆಯುವ ಯಂತ್ರ, ಖಾಲಿ ಸಿಲಿಂಡರು ಎಲ್ಲವನ್ನೂ ಸ್ಕೂಟರಿಗೆ ಹೇರಿಕೊಂಡು ಹೋಗಿ, ಒಂದು ಗಂಟೆ ಕೂತು, ಅಷ್ಟನ್ನೂ ತುಂಬಿಸಿಕೊಂಡು ಬರುತ್ತಾರೆ.

ಜಯನಗರದ ಗಿರಾಕಿಯೊಬ್ಬರಿಗೆ ತಾಳ್ಮೆ ಕೆಟ್ಟಿತು. "ಗಾಳೀಗೆ ಬಿಟ್ಬಿಡಿ ಸಾರ್. ಬಣ್ಣ ಇಲ್ಲ, ವಾಸನೆ ಇಲ್ಲ, ಯಾರಿಗ್ರೀ ಗೊತ್ತಾಗುತ್ತೆ?"

"ಫ್ಯಾಕ್ಟರೀಲಿ ಮಾಡಿರೋ ಗ್ಯಾಸ್ ಸಾರ್ ಇದು. ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತೆ. ನಿಮ್ಮೊಂದು ರೂಮ್ ತಣ್ಣಗಿರ್ಲಿ ಅಂತ ಊರಿಗೆಲ್ಲ ಕಂಬಳಿ ಹೊದಿಸ್ತೀರಾ?"

ಗಿರಾಕಿ ತೆಪ್ಪಗೆ ಕಾಫಿ ತರಿಸಿದರು.

ಇನ್ನು ನನ್ನ ಮದುವೆ! ನನ್ನನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ನಾಪತ್ತೆ. ಹುಡುಕಿದರೆ, ರೇಷ್ಮೆ ಪಂಚೆ ಎತ್ತಿಕಟ್ಟಿ ಏಣಿಯ ಮೇಲೆ ನಿಂತಿದ್ದಾರೆ! ಛತ್ರದ ಎ.ಸಿ. ಪೈಪಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದಾರೆ.

"ಇಳಿಯೋ ಕೆಳಗೆ! ಹುಡುಗಿ ಕಾಯ್ತಿದಾಳೆ!" ಅಮ್ಮ ತಮ್ಮನನ್ನು ಗದರಿದಳು.

"ಅವಳೆಲ್ಲೂ ಹೋಗಲ್ಲ ಅಕ್ಕ, ಗ್ಯಾಸ್ ಹೋಗುತ್ತೆ!" ಎಂದವರೇ ಕೂಗಿದರು, "ಸಿಕ್ತು! ಗ್ಯಾಸ್ ಲೀಕ್! ಗ್ಯಾಸ್ ಲೀಕ್!"

ಓಲಗ ನಿಂತಿತು. ಅರ್ಧ ಜನ ಬಾಗಿಲಿಗೆ ಓಡಿದರು. ಬುದ್ಧಿವಂತರು ಮೊದಲ ಪಂಕ್ತಿಗೆ ಓಡಿದರು.

ನಮ್ಮ ಜೊತೆಗೇ ಇದ್ದ ಅಮ್ಮ ಹೋದ ವರ್ಷ ತೀರಿಕೊಂಡಳು. ಅವಳ ಹಳೇ ಫ್ರಿಜ್ಜನ್ನು ಗುಜರಿಗೆ ಕೊಡುತ್ತಿದ್ದೇನೆ ಎಂದು ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದೇ ತಡ, ಮಾವ ಜೆ.ಪಿ. ನಗರದ ನಮ್ಮ ಮನೆಗೆ ಧಾವಿಸಿ ಬಂದರು. ಎಂದಿನಂತೆ ಗ್ಯಾಸು ಎಳೆದರು. ಯಂತ್ರ ನಿಂತ ಮೇಲೂ ಫ್ರಿಜ್ಜಿನ ಮೇಲಿಟ್ಟ ಕೈ ತೆಗೆಯಲಿಲ್ಲ.

"ಎಲ್ಲಾ ಬಂತಾ ಮಾವ?"

"ಬಂತು." ಅಂಗೈಯಿಂದಲೇ ಫ್ರಿಜ್ಜಿನ ಬಾಗಿಲು ಒರೆಸಿದರು. "ತಿಂಗಳಿಗೊಂದ್ಸಲ ಇದನ್ನ ಚೆಕ್ ಮಾಡೋಕೆ ಅಂತ ಬರ್ತಿದ್ನಲ್ಲ, ಇದಕ್ಕೆ ಯಾವತ್ತೂ ಏನೂ ಆಗಿರ್ಲಿಲ್ಲ ಕಣೇ. ಅಕ್ಕಂಗೂ ಗೊತ್ತಿತ್ತು. ಇನ್ಮೇಲೆ ಏನಂತ ಬರ್ಲಿ?"

"ನಮ್ಮ ಎ.ಸಿ. ಯಾಕೋ ತಣ್ಣಗೇ ಆಗ್ತಿಲ್ಲ ಮಾವ. ಭಾನುವಾರ ಬಂದು ನೋಡ್ತೀರಾ?"

ನಮ್ಮ ಮನೆಯಲ್ಲಿ ಎ.ಸಿ.ಯೇ ಇಲ್ಲ. ಮಾವ ಬರೀ ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಹಾಗೆಲ್ಲ ಬಿಡ್ಬಾರ್ದು ಕಣೇ," ಎಂದರು. "ಬರ್ತೀನಿ."