ಹತ್ತನೆಯ ಡಾಕ್ಟರು

ಬನಹಟ್ಟಿಯ ಡಾಕ್ಟರ್ ಭೀಮಶಿಗೆ ಎರಡು ಅಂಕ ಕಡಿಮೆ ಬಿದ್ದಿದ್ದವು. ಪರೀಕ್ಷೆಯ ಅಂಕವಲ್ಲ, ಡಾಕ್ಟರುಗಳು ಆಗಾಗ ಉಪನ್ಯಾಸ ಕೇಳಿ ಗಳಿಸಬೇಕಾದ ಅಂಕ. ಅವಿಲ್ಲದೆ ನೋಂದಣಿ ನವೀಕರಣವಾಗುವುದಿಲ್ಲ. ಗಡುವು ಅವತ್ತು ಸಂಜೆಗೇ ಮುಗಿಯುತ್ತಿತ್ತು.

ಅದಕ್ಕೆಂದೇ ಅವರು ಜಮಖಂಡಿ, ತೇರದಾಳದ ಡಾಕ್ಟರುಗಳನ್ನು ಕೂಡಿಸಿ ವೈದ್ಯರ ಸಂಘ ಕಟ್ಟಿ, ಅವತ್ತೇ ತಮ್ಮ ದವಾಖಾನೆಯಲ್ಲಿ ಸಕ್ಕರೆ ಕಾಯಿಲೆಯ ಮೇಲೆ ಉಪನ್ಯಾಸ ಇರಿಸಿದ್ದರು. ಇದು ಖರೆ ವೈದ್ಯರ ಸಂಘವೇ ಎಂದು ನೋಡಲು ವೈದ್ಯಕೀಯ ಪರಿಷತ್ತಿನಿಂದ ಡಾಕ್ಟರ್ ಶೀತಲ್ ಬರುವವರಿದ್ದರು. ಕನಿಷ್ಠ ಹತ್ತು ಮಂದಿ ಬೇಕೆಂದು ಯಾರೋ ಹೆದರಿಸಿದ್ದರು. ಭೀಮಶಿಯೂ ಸೇರಿ ಬಂದವರು ಒಂಬತ್ತು.

"ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ಇನ್ನೊಬ್ಬ ಡಾಕ್ಟರನ್ನ ಹಿಡ್ಕೊಂಡ ಬರ್ತೇನಿ" ಎಂದು ಕಂಪೌಂಡರ್ ಶಂಕರೆಪ್ಪ ಓಡಿದ. ಹಿಡಿದು ತಂದದ್ದು ಪವರ್‌ಲೂಮ್ ಮೆಕ್ಯಾನಿಕ್ ಸಂಜಯನನ್ನು, ಮೈಮೇಲೆ ಭೀಮಶಿಯವರದೇ ಬಿಳಿ ಕೋಟು.

"ಲೇ, ಇಂವಾ ಡಾಕ್ಟರೇನೋ?"

"ಊರ ಮಂದಿ ಎಲ್ಲಾ ಮಗ್ಗದ ಡಾಕ್ಟರ ಅಂತಾರ್ರೀ!"

ಭೀಮಶಿ ಬೈಯುವಷ್ಟರಲ್ಲಿ ಶೀತಲ್ ಒಳಗೆ ಬಂದೇಬಿಟ್ಟರು. ನೇರವಾಗಿ ಸಂಜಯನನ್ನೇ ಕೇಳಿದರು: "ನೀವು ಏನ ನೋಡ್ತೀರಿ?"

"ಹರದದ್ದ ಕೂಡಿಸ್ತೇನ್ರಿ."

"ಸರ್ಜನ್ ಅನ್ರಿ!" ಶೀತಲ್ ಖುಷಿಯಿಂದ ಕೈ ಕುಲುಕಿದರು.

ಉಪನ್ಯಾಸ ಶುರುವಾಗುತ್ತಲೇ ಕರೆಂಟು ಹೋಯಿತು. ಹಿತ್ತಲಿನ ಜನರೇಟರು ಮುದುಕನಂತೆ ಕೆಮ್ಮಿ ಮಲಗಿತು. ರಿಪೇರಿ ಬಲ್ಲ ಸಂಜಯ ಕುರ್ಚಿಯಿಂದ ಅರ್ಧ ಎದ್ದ. ಗುಟ್ಟು ಬಯಲಾದೀತೆಂದು ಭೀಮಶಿ ಅವನನ್ನು ಕಣ್ಣಲ್ಲೇ ಗದರಿ ಕೂರಿಸಿ, ತಾವೇ ಹಿತ್ತಲಿಗೆ ಓಡಿದರು. ಹಗ್ಗ ಎಳೆದರೆ ಐದು ನಿಮಿಷ ಓಡುವುದು, ಮತ್ತೆ ಮಲಗುವುದು. ಪೂರ್ತಿ ಎರಡು ತಾಸು ಹಗ್ಗ ಎಳೆದರು.

ಒಳಗೆ ಚಪ್ಪಾಳೆ ಕೇಳಿದಾಗ ಅವರು ಇದ್ದಿಲು ಮಾರುವವರಂತೆ ಕಪ್ಪಾಗಿದ್ದರು. ಮನಸ್ಸು ತಡೆಯದೆ ಶೀತಲ್ ಮುಂದೆ ಹೋಗಿ ಎಲ್ಲ ಒಪ್ಪಿಕೊಂಡರು.

ಶೀತಲ್ ಹೊಟ್ಟೆ ಹಿಡಿದು ನಕ್ಕರು. "ತಲಿ ಎಣಸಾಕ ಬಂದಿಲ್ರೀ ನಾ. ಸಂಘಾ ಡಾಕ್ಟರ್ರ ಕಟ್ಟಿರಬೇಕು, ಡಾಕ್ಟರ್ರ ನಡಸಬೇಕು, ಔಷಧ ಮಾರಾಕಲ್ಲ, ಕಲಿಯಾಕ ಕೂಡಿರಬೇಕು. ನಿಮ್ಮ ಸಂಘ ಹಂಗ ಐತಿ. ಮಂಜೂರ! ಎಂಟೂ ಮಂದಿಗೆ ಎರಡೆರಡು ಅಂಕ."

"ಒಂಬತ್ತರೀ, ನನ್ನೂ ಹಿಡದು..."

"ಕುಂತು ಕೇಳಿದವರಿಗಷ್ಟ ಅಂಕರೀ. ನೀವು ಕುಂತಿದ್ದು ಯಾವಾಗ?"

ಭೀಮಶಿ ಮೆಟ್ಟಿಲ ಮೇಲೆ ಕುಸಿದರು. ಸಂಜಯ ಕೋಟು ಕಳಚಿ ಕೊಟ್ಟು, ಮರುಕದಿಂದ ಪಕ್ಕದಲ್ಲೇ ಕುಳಿತ.

"ನಾ ಒಂದ ಅಕ್ಷರ ಬಿಡದಂಗ ಕೇಳೇನ್ರಿ ಸಾಹೇಬ್ರ, ಎಲ್ಲಾ ಹೇಳ್ತೇನಿ. ಮೊದಲ, ದಿನಾ ಸಕ್ಕರಿ ಹಾಕಿ ಎಷ್ಟ ಕಪ್ಪ ಚಹಾ ಕುಡೀತೀರಿ ಹೇಳ್ರಿ?"