ಮೂವತ್ತೆರಡರ ಸೊಂಟ

ತೊಂದರೆ ಶುರುವಾದದ್ದು ಐದು ಅಡಿ ಉದ್ದದ ಒಂದು ಹಳದಿ ಟೇಪಿನಿಂದ.

ಬಸವೇಶ್ವರನಗರದ ಆ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಬಡಾವಣೆಯ ಸಂಘದವರು ಆರೋಗ್ಯ ತಪಾಸಣೆ ಇಟ್ಟುಕೊಂಡಿದ್ದರು. ನರ್ಸಿಂಗ್ ಓದುವ ಅಮೂಲ್ಯಾ ಎಂಬ ಹುಡುಗಿ ಬಂದವರನ್ನೆಲ್ಲ ತೂಕ ಮಾಡಿ, ಎತ್ತರ ನೋಡಿ, ಕೊನೆಗೆ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತುತ್ತಿದ್ದಳು. ಬರೀ ತೂಕ ನೋಡಿದರೆ ಸಾಲದಂತೆ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿ ಮಾಡಿಕೊಡುವುದು ಹೊಟ್ಟೆಯ ಸುತ್ತ ಕೂತ ಕೊಬ್ಬಂತೆ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಅಷ್ಟೇ ಲೆಕ್ಕ.

ಲೆಕ್ಕವೆಂದರೆ ನಿವೃತ್ತ ಗಣಿತ ಮೇಷ್ಟರು ಸೇತುರಾಮರಿಗೆ ಹೆದರಿಕೆಯೇ? ಮೂವತ್ತೈದು ವರ್ಷ ಮಕ್ಕಳಿಗೆ ಸುತ್ತಳತೆಯನ್ನೇ ಹೇಳಿಕೊಟ್ಟವರು. ಎತ್ತರ ಅರವತ್ತಾರು ಇಂಚು, ಅದರ ಅರ್ಧ ಮೂವತ್ತಮೂರು, ತಮ್ಮ ಸೊಂಟವೋ ಮದುವೆಯಾದಂದಿನಿಂದ ಮೂವತ್ತೆರಡು. ಸಾಲಿನಲ್ಲಿ ನಿಂತಾಗಲೇ ಮನಸ್ಸಿನಲ್ಲಿ ಉತ್ತರ ಬರೆದು ಕೆಳಗೆ ಗೆರೆ ಎಳೆದಿದ್ದರು. ಆದರೂ ಟೇಪು ಹತ್ತಿರ ಬಂದಾಗ ಯಾವುದಕ್ಕೂ ಇರಲಿ ಎಂದು ಉಸಿರು ಬಿಗಿಹಿಡಿದರು.

"ನಲವತ್ತು, ಅಂಕಲ್," ಎಂದಳು ಅಮೂಲ್ಯಾ.

"ಸರಿಯಾಗಿ ನೋಡಮ್ಮ. ಮೂವತ್ತೆರಡು ಇರುತ್ತೆ."

ಅವಳು ಇನ್ನೊಮ್ಮೆ ನೋಡಿದಳು. ಟೇಪು ಮಾತು ಬದಲಿಸಲಿಲ್ಲ. ಉಸಿರು ಬಿಟ್ಟು ನಿಂತರೆ ಇನ್ನೂ ಸರಿಯಾಗಿ ಗೊತ್ತಾಗುತ್ತದೆ ಎಂದಳು. ಸೇತುರಾಮರು ಬಿಡಲಿಲ್ಲ.

"ಮನೇಲಿ ನಿಮ್ಮ ಊಟ ತಿಂಡಿ ಯಾರು ನೋಡ್ಕೋತಾರೆ?" ಎಂದು ಕೇಳಿದಳು. ಅವರು ಚಪ್ಪಲಿ ಮೆಟ್ಟಿಕೊಂಡು ಅಲ್ಲಿಂದ ಹೊರಟರು.

ನೋಡಿಕೊಳ್ಳುತ್ತಿದ್ದ ಹೆಂಡತಿ ಸೀತಾ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಆಮೇಲೆ ಅವರ ಮನೆಯ ಒಲೆ ಕಾಫಿಗೆ ಬಿಟ್ಟರೆ ಉರಿದದ್ದು ಕಡಿಮೆ. ಬೆಳಿಗ್ಗೆ ದರ್ಶಿನಿಯ ವಡೆ, ಮಧ್ಯಾಹ್ನ ದರ್ಶಿನಿಯ ಪೂರಿ, ಸಂಜೆ ಮತ್ತೆ ಅಲ್ಲೇ ಏನಾದರೊಂದು. ಒಬ್ಬರೇ ಕೂತು ಉಣ್ಣುವುದಕ್ಕಿಂತ ಗಲಾಟೆಯಲ್ಲಿ ನಿಂತು ತಿನ್ನುವುದು ಅವರಿಗೆ ಸುಲಭವಾಗಿತ್ತು.

ಅವರ ಮನೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಮದುವೆಯ ದಿನ ಸೀತಾ ಟ್ರಂಕಿನಿಂದ ಆರತಕ್ಷತೆಯ ಸೂಟಿನ ಬೂದು ಪ್ಯಾಂಟು ತೆಗೆಯುವಳು. ಸೇತುರಾಮರು ತೊಡುವರು. ಗುಂಡಿ ಸಲೀಸಾಗಿ ಬೀಳುವುದು. "ಅವತ್ತಿನ ಹಾಗೇ ಇದೀರಿ, ಒಂದಿಂಚೂ ಹೆಚ್ಚಿಲ್ಲ," ಎಂದು ಅವಳು ಹೋಳಿಗೆಯ ಮೇಲೆ ಇನ್ನೊಂದು ಚಮಚ ತುಪ್ಪ ಸುರಿಯುವಳು. ಕೋಟು ಮಾತ್ರ ಇರಲಿಲ್ಲ. ಅದಕ್ಕೆ ನುಸಿ ಹಿಡಿಯಿತೆಂದೂ, ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಹಾಕಿದೆನೆಂದೂ ಅವಳೇ ಎಂದೋ ಹೇಳಿದ್ದಳು. ಬೇರೆ ಪ್ಯಾಂಟುಗಳನ್ನೂ ಅವಳೇ ತಂದು, ಒಳಗಿನ ಅಳತೆಯ ಚೀಟಿ ಕತ್ತರಿಸಿ ಕೊಡುತ್ತಿದ್ದಳು. ತಮ್ಮ ಕರವಸ್ತ್ರ ಎಲ್ಲಿದೆಯೆಂದೇ ತಿಳಿಯದ ಮನುಷ್ಯ ಅದನ್ನೆಲ್ಲ ಯಾಕೆ ವಿಚಾರಿಸುತ್ತಾರೆ?

ಈ ವರ್ಷದ ಮದುವೆಯ ದಿನ ಹೋದ ತಿಂಗಳು ಬಂದು ಹೋಗಿತ್ತು. ಟ್ರಂಕನ್ನು ಮುಟ್ಟುವ ಧೈರ್ಯ ಅವರಿಗಾಗಿರಲಿಲ್ಲ. ಈಗ ಈ ಟೇಪು ನಿಜವಾದರೆ ಸೀತಾ ಸುಳ್ಳಾಗುತ್ತಾಳೆ. ಸಕ್ಕರೆ ಕಾಯಿಲೆ ಬಂದರೆ ಬರಲಿ, ಅದೊಂದು ಮಾತ್ರ ಆಗಕೂಡದು.

ಸಂಘದ ಕಾರ್ಯದರ್ಶಿ ಸಿದ್ದಬಸಪ್ಪನವರು ದಾವಣಗೆರೆಯ ಕಡೆಯವರು, ಪರೋಪಕಾರಿ. ಅವರ ಪರೋಪಕಾರದಿಂದ ತಪ್ಪಿಸಿಕೊಂಡವರು ಬಡಾವಣೆಯಲ್ಲಿ ಯಾರೂ ಇರಲಿಲ್ಲ. ಮೇಷ್ಟರ ನಲವತ್ತು ಕಿವಿಗೆ ಬಿದ್ದದ್ದೇ ತಡ, ಎಲ್ಲರೂ ಇವರನ್ನು ನೋಡಿಕೊಳ್ಳಬೇಕೆಂದು ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿಬಿಟ್ಟರು. ಸೇತುರಾಮರು ದರ್ಶಿನಿ ತಲುಪುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಅಲ್ಲಿ ಕಾಫಿ ಕುಡಿಯುತ್ತಿತ್ತು. ವಡೆ ಕೇಳಿದರೆ ಕೌಂಟರಿನವನು ಬಹಳ ಮರ್ಯಾದೆಯಿಂದ ಎರಡು ಇಡ್ಲಿ ಕೊಟ್ಟ, ಚಟ್ನಿಯನ್ನೂ ಅಳೆದು ಹಾಕಿದ. ಮನೆಗೆ ಬಂದರೆ ಸಿದ್ದಬಸಪ್ಪನವರ ಹೆಂಡತಿ ಕಲ್ಯಾಣಮ್ಮ ಬಾಗಿಲಲ್ಲಿ ಮೊಳಕೆ ಹೆಸರುಕಾಳಿನ ಡಬ್ಬಿ ಇಟ್ಟು ಹೋಗಿದ್ದರು. ಅದಕ್ಕೆ ಉಪ್ಪಿರಲಿಲ್ಲ.

ಹಸಿದ ಹೊಟ್ಟೆಯಲ್ಲಿ ಸೇತುರಾಮರು ಟ್ರಂಕು ತೆರೆದರು. ನ್ಯಾಫ್ತಲಿನ್ ಗುಳಿಗೆಯ ವಾಸನೆಯ ಜೊತೆ ಸೀತಾಳ ಕೈಯ ನೆನಪು ಬಂತು. ಕಣ್ಣೊರೆಸಿಕೊಂಡು ಪ್ಯಾಂಟು ತೊಟ್ಟರು. ಉಸಿರು ಹಿಡಿದರು. ಗುಂಡಿ ಬಿತ್ತು. ಅಂಗಿಯನ್ನು ಮೇಲೆ ಇಳಿಬಿಟ್ಟು, ಯುದ್ಧ ಗೆದ್ದವರ ಹಾಗೆ ಪಾರ್ಕಿಗೆ ನಡೆದರು.

ಇದು ಮೂವತ್ತೆರಡರ ಪ್ಯಾಂಟು, ಮದುವೆಯಲ್ಲಿ ಹೊಲಿಸಿದ್ದು, ಇವತ್ತಿಗೂ ಸರಿಹೋಗುತ್ತದೆ, ಆದ್ದರಿಂದ ನಿಮ್ಮ ಟೇಪು ತಪ್ಪು ಎಂದು ಎಲ್ಲರ ಎದುರು ಪ್ರಮೇಯ ಮಂಡಿಸಿದರು. ಅಮೂಲ್ಯಾ ಟೇಪನ್ನು ತಿರುವಿ ಮುರುವಿ ನೋಡಿದಳು. ಸಿದ್ದಬಸಪ್ಪನವರು ಮಾತ್ರ ಒಪ್ಪುವ ಗಿರಾಕಿಯಲ್ಲ.

"ಹೌದೇನ್ರೀ ಮೇಷ್ಟ್ರೇ? ಹಂಗಾದ್ರೆ ಬಗ್ಗಿ ಒಮ್ಮೆ ಕಾಲು ಮುಟ್ರಿ, ನೋಡೋಣ."

ಸೇತುರಾಮರು ಬಗ್ಗಿದರು. ಹಿಂದೆ ಚರ್ರೆಂದಿತು. ಅಮೂಲ್ಯಾ ಮರಗಳ ಕಡೆ ತಿರುಗಿಕೊಂಡಳು. ಸಿದ್ದಬಸಪ್ಪನವರು ಕಂಬಕ್ಕೆ ಕಟ್ಟಿದ್ದ 'ಆರೋಗ್ಯವೇ ಭಾಗ್ಯ' ಬಟ್ಟೆಯ ಬ್ಯಾನರ್ ಬಿಚ್ಚಿ ಮೇಷ್ಟರ ಸೊಂಟಕ್ಕೆ ಸುತ್ತಿ, ಕೈಹಿಡಿದು ಮೂಲೆಯ ಟೈಲರ್ ಮುತ್ತುರಾಜನ ಅಂಗಡಿಗೆ ನಡೆಸಿಕೊಂಡು ಹೋದರು. ಭಾಗ್ಯ ಎಂಬ ಪದ ಸರಿಯಾಗಿ ಹಿಂಭಾಗಕ್ಕೆ ಬಂದಿತ್ತು.

ಮೇಷ್ಟರು ಬಿಚ್ಚಿಕೊಟ್ಟ ಪ್ಯಾಂಟನ್ನು ಮುತ್ತುರಾಜ ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದ. ಹಿಂದಿನ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಹಿಂದೆ ಪಟ್ಟಿ ಕೊಟ್ಟಿರೋದು ಯಾರು ಸಾರ್?"

ಯಾವ ಪಟ್ಟಿ ಎಂದರು ಸೇತುರಾಮರು. ಅವನು ತೋರಿಸಿದ. ನಡುಹೊಲಿಗೆಯಲ್ಲಿ ಇಂಚಗಲದ ಪಟ್ಟಿಗಳು, ಒಂದರ ಪಕ್ಕ ಒಂದು, ಒಟ್ಟು ಎಂಟು. ಮೂರ್ನಾಲ್ಕು ವರ್ಷಕ್ಕೊಂದರಂತೆ ಸೇರಿಸಿದ್ದರಿಂದ ಒಂದೊಂದರ ನೂಲೂ ಬೇರೆ. ಆದರೆ ಬಟ್ಟೆ ಎಲ್ಲ ಒಂದೇ, ಅದೇ ಬೂದು.

"ಇದು ಕೋಟಿನ ಬಟ್ಟೆ ಸಾರ್. ಇಲ್ನೋಡಿ, ಗುಂಡಿ ಹಾಕೋ ಕಾಜ ಇದ್ದಿದ್ದನ್ನ ಹೊಲ್ದು ಮುಚ್ಚಿದಾರೆ."

ಸೇತುರಾಮರು ಸ್ಟೂಲಿನ ಮೇಲೆ ಕುಳಿತರು. ಕೋಟಿಗೆ ನುಸಿ ಹಿಡಿದಿರಲಿಲ್ಲ. ಮೂವತ್ತು ವರ್ಷ ಸೀತಾ ಅದನ್ನು ಚೂರು ಚೂರಾಗಿ ಕತ್ತರಿಸಿ ಅವರ ಹೊಟ್ಟೆಗೆ ದಾರಿ ಬಿಟ್ಟಿದ್ದಳು. ತಮ್ಮ ಬೆನ್ನು ತಮಗೆ ಕಾಣುವುದಿಲ್ಲ, ಅವಳಿಗೆ ಕಂಡಿತ್ತು. ಅವಮಾನಕ್ಕಿಂತ ಹೆಚ್ಚಾಗಿ ಅವರಿಗೆ ದುಃಖವಾಯಿತು. ಹೇಳಿದ್ದರೆ ತುಪ್ಪ ಬಿಡುತ್ತಿದ್ದೆನಲ್ಲ ಎಂದುಕೊಂಡರು. ಬಿಡುತ್ತಿರಲಿಲ್ಲವೆಂದೂ ಅವರಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತ ಸಿದ್ದಬಸಪ್ಪನವರು ವಾಟ್ಸ್ಆ್ಯಪ್ ತೆರೆದಿದ್ದ ಫೋನನ್ನು ಜೇಬಿಗೆ ಇಳಿಸಿದರು.

"ಕಿತ್ಕೊಂಡಿರೋದು ಕೊನೇ ಪಟ್ಟಿ. ಇದೊಂದು ಮಾತ್ರ ಮಿಷಿನ್ದಲ್ಲ, ಕೈ ಹೊಲಿಗೆ," ಎಂದ ಮುತ್ತುರಾಜ. "ಸೊಟ್ಟಸೊಟ್ಟ ಇದೆ. ಬಿಗಿ ಇಲ್ಲ. ಅದ್ಕೇ ನಿಂತಿಲ್ಲ."

ಆಗ ನೆನಪಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ಹಾಸಿಗೆಯಲ್ಲೇ ಇದ್ದ ಸೀತಾ ಒಂದು ಮಧ್ಯಾಹ್ನ ಸೂಜಿ ದಾರ ಕೇಳಿದ್ದಳು. ಈ ಸ್ಥಿತಿಯಲ್ಲಿ ಅದ್ಯಾವ ರಾಜಕಾರ್ಯ ಕೆಟ್ಟಿದೆ ಎಂದು ಇವರು ಗದರಿದ್ದರು. ಅವಳು ಯಾವುದೋ ಬೂದು ಬಟ್ಟೆಯನ್ನು ಹೊದಿಕೆಯೊಳಗೆ ಸರಿಸಿ ನಕ್ಕಿದ್ದಳು. ಮದುವೆಯ ದಿನಕ್ಕೆ ಅಂದು ಇನ್ನೂ ಎಂಟು ತಿಂಗಳಿತ್ತು. ಆ ದಿನ ತಾನಿರುವುದಿಲ್ಲವೆಂದು ಅವಳಿಗೆ ತಿಳಿದಿತ್ತು.

ಮುತ್ತುರಾಜ ಟೇಪು ತೆಗೆದು, ಎದ್ದು ನಿಲ್ಲಿ ಎಂದ. ಉಸಿರು ಹಿಡಿಯುವ ಶಕ್ತಿ ಸೇತುರಾಮರಿಗೆ ಇರಲಿಲ್ಲ.

"ನಲವತ್ತೆರಡು ಸಾರ್. ಯೋಚ್ನೆ ಇಲ್ಲ. ಈ ಪಟ್ಟಿ ಒಳಗೆ ಇನ್ನೂ ಎರಡಿಂಚು ಬಟ್ಟೆ ಮಡಚಿ ಬಿಟ್ಟಿದಾರೆ. ಬಿಚ್ಚಿದ್ರೆ ಸರಿಯಾಗಿ ನಲವತ್ತೆರಡೇ ಆಗುತ್ತೆ."

ತಾನು ಹೋದ ಮೇಲೆ ಈ ಮನುಷ್ಯ ಒಲೆ ಹಚ್ಚುವುದಿಲ್ಲ, ದರ್ಶಿನಿಯಲ್ಲಿ ನಿಂತು ವಡೆ ತಿನ್ನುತ್ತಾನೆ, ಎರಡಿಂಚು ಹೆಚ್ಚುತ್ತಾನೆ. ಸೀತಾ ಮಲಗಿದಲ್ಲೇ ಲೆಕ್ಕ ಹಾಕಿದ್ದಳು. ಮೂವತ್ತು ವರ್ಷ ಸುಳ್ಳು ಹೇಳಿದವಳ ಲೆಕ್ಕ ಒಂದು ನೂಲಿನಷ್ಟೂ ತಪ್ಪಿರಲಿಲ್ಲ. ಗಣಿತದ ಮೇಷ್ಟರು ಬ್ಯಾನರಿನ ಅಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

"ಬಿಚ್ಲಾ ಸಾರ್?"

"ಬೇಡಪ್ಪ. ಅವಳು ಎಲ್ಲಿ ಹೊಲ್ದಿದ್ಳೋ ಅಲ್ಲೇ ಹೊಲಿ. ಆ ಮಡಿಕೆ ಮುಟ್ಬೇಡ."

ಹಾಗೆ ಮಾಡಿದರೆ ಉಸಿರು ಹಿಡಿಯದೆ ಗುಂಡಿ ಬೀಳುವುದಿಲ್ಲ, ಒಂದೋ ಅವರ ಹೊಲಿಗೆ ಬಿಚ್ಚಬೇಕು, ಇಲ್ಲವೇ ನೀವು ಹೊಟ್ಟೆ ಇಳಿಸಬೇಕು ಎಂದ ಮುತ್ತುರಾಜ. ಬೆಳಿಗ್ಗೆ ಆ ಹುಡುಗಿ ಹೇಳಿದ್ದೂ ಅದನ್ನೇ. ಸಿದ್ದಬಸಪ್ಪನವರು ಮೆಲ್ಲಗೆ ತಪಾಸಣೆಯ ಪುಸ್ತಕ ತೆರೆದು, ಎಷ್ಟೆಂದು ಬರೆದುಕೊಳ್ಳಲಿ ಎಂದು ಕೇಳಿದರು.

"ನಲವತ್ತೆರಡು ಬರ್ಕೊಳ್ಳಿ. ಬೆಳಿಗ್ಗೆ ಉಸಿರು ಹಿಡಿದಿದ್ದೆ," ಎಂದರು ಸೇತುರಾಮರು.

ಮನೆಗೆ ಬಂದು ಪ್ಯಾಂಟನ್ನು ಮಡಚಿ ಟ್ರಂಕಿನಲ್ಲಿಟ್ಟರು. ಉಪ್ಪಿಲ್ಲದ ಹೆಸರುಕಾಳಿನ ಡಬ್ಬಿ ಮುಂದಿಟ್ಟುಕೊಂಡು ಕುಳಿತರು. ಮುಂದಿನ ಮದುವೆಯ ದಿನಕ್ಕೆ ಇನ್ನೂ ಹನ್ನೊಂದು ತಿಂಗಳಿತ್ತು.